ಹಾಫ್ ಕ್ಲಚ್ ಅಭ್ಯಾಸ ಬಿಡುವುದು ಹೇಗೆ: ಕ್ಲಚ್ ಮತ್ತು ಗೇರು ಬಳಕೆಯ ಕ್ರಮ

ನಂದಿಬೆಟ್ಟದ ರಸ್ತೆಯಲ್ಲಿ ಭಾನುವಾರ ಬೆಳಗಿನ ಜಾವ ಕಾರುಗಳು ಸಾಲುಗಟ್ಟಿ ನಿಂತಿರುವಾಗ ಕಿಟಕಿಯ ಗಾಜು ಇಳಿಸಿದರೆ, ಮಂಜಿನ ತಣ್ಣನೆಯ ಗಾಳಿಯ ಜೊತೆಗೆ ಒಂದು ಸುಟ್ಟ ಘಾಟು ವಾಸನೆಯೂ ಒಳಗೆ ಬರುತ್ತದೆ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಿರಲೆಂದು ಯಾರೋ ಕ್ಲಚ್ ಪೆಡಲನ್ನು ಅರ್ಧಕ್ಕೆ ಒತ್ತಿಕೊಂಡು, ಎಂಜಿನ್ನನ್ನು ರೇಸ್ ಮಾಡುತ್ತ ನಿಂತಿರುತ್ತಾರೆ; ಅವರ ಕ್ಲಚ್ ಪ್ಲೇಟು ಕಾಯ್ದು ಸವೆಯುತ್ತಿರುವ ವಾಸನೆ ಅದು. ಕಾರು ಕಲಿತ ಮೊದಲ ವರ್ಷ ನಾನೂ ಅದೇ ರಸ್ತೆಯಲ್ಲಿ ಅದೇ ತಪ್ಪು ಮಾಡಿದ್ದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಟಿದ್ದವನಿಗೆ ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಎಂಜಿನ್ ಸದ್ದು ಏರುವುದು ಮಾತ್ರ ಕೇಳಿಸುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಒಂದು ತಿರುವಿನ ಅಂಚಿನಲ್ಲಿ ನಿಲ್ಲಿಸಿ, ಮುಕ್ಕಾಲು ಗಂಟೆ ತಣಿಯಲು ಬಿಟ್ಟು, ಬೆಟ್ಟದ ತುದಿ ಕಾಣದೆಯೇ ಕೆಳಗಿಳಿದು ಬಂದೆವು. ನನಗೆ ಕಲಿಸಿದ ಡ್ರೈವಿಂಗ್ ಶಾಲೆಯವರು "ಕ್ಲಚ್ ಅರ್ಧ ಬಿಡಿ, ಅಲ್ಲೇ ಹಿಡ್ಕೊಳ್ಳಿ" ಎಂದು ಹೇಳಿಕೊಟ್ಟಿದ್ದರೇ ಹೊರತು, ಆ ಅರ್ಧದಲ್ಲಿ ಎಷ್ಟು ಹೊತ್ತು ಇರಬೇಕೆಂಬುದನ್ನು ಹೇಳಿರಲಿಲ್ಲ.

ಈಗ ಚಿಕ್ಕಬಳ್ಳಾಪುರದಲ್ಲಿ ಅಕ್ಕನ ಮಗಳಿಗೆ ಕಾರು ಕಲಿಸುತ್ತಿದ್ದೇನೆ. ಅವಳಿಗೆ ಮೊದಲ ದಿನವೇ ಹೇಳಿದ ಮಾತನ್ನೇ ಇಲ್ಲಿಯೂ ಮೊದಲು ಹೇಳುತ್ತೇನೆ: ಕ್ಲಚ್ ಪೆಡಲು ಇರಬೇಕಾದ ಜಾಗ ಎರಡೇ, ಪೂರ್ತಿ ಕೆಳಗೆ ಅಥವಾ ಪೂರ್ತಿ ಮೇಲೆ. ಇವೆರಡರ ನಡುವಿನ ಜಾಗವನ್ನು ದಾಟಿ ಹೋಗಬೇಕು, ಅಲ್ಲಿ ತಂಗಬಾರದು. ಮುಂದೆ ಬರುವುದೆಲ್ಲ ಆ ನಡುವಿನ ಜಾಗವನ್ನು ಕಾಲಿನಿಂದ ಗುರುತಿಸಿ, ಬೇಗನೆ ಮತ್ತು ನಯವಾಗಿ ದಾಟುವ ಅಭ್ಯಾಸವೇ ಆಗಿದೆ.

ಪೆಡಲಿನ ಆಚೆ ಏನು ನಡೆಯುತ್ತದೆ

ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ನಿಂತಲ್ಲಿಯೂ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತಲೇ ಇರಬೇಕು. ಅದಕ್ಕಿಂತ ಬಹಳ ಕೆಳಗಿಳಿದರೆ ಅದು ಆಫ್ ಆಗುತ್ತದೆ. ಆದರೆ ಚಕ್ರಗಳು ನಿಂತೂ ಇರಬೇಕು, ನಿಂತಲ್ಲಿಂದ ಹೊರಡಲೂ ಬೇಕು. ತಿರುಗುತ್ತಿರುವ ಎಂಜಿನ್ನನ್ನೂ ನಿಂತಿರುವ ಚಕ್ರಗಳನ್ನೂ ಏಟು ಬೀಳದಂತೆ ಜೋಡಿಸುವುದಕ್ಕಾಗಿಯೇ ಕ್ಲಚ್ ಇರುವುದು.

ಇದನ್ನು ಅಕ್ಕನ ಮಗಳಿಗೆ ಅರ್ಥ ಮಾಡಿಸಲು ಅವಳ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ನನ್ನ ಎರಡು ಅಂಗೈಗಳ ನಡುವೆ ಅದುಮಿ ಹಿಡಿದೆ. ಒಂದು ಅಂಗೈ ಎಂಜಿನ್ನಿಗೆ ಅಂಟಿಕೊಂಡು ತಿರುಗುವ ಫ್ಲೈವೀಲ್, ಇನ್ನೊಂದು ಅಂಗೈ ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟ್, ನಡುವಿನ ಪುಸ್ತಕವೇ ಗೇರ್‌ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟು. ಪೆಡಲನ್ನು ಒತ್ತದೆ ಇದ್ದಾಗ ಮೂರೂ ಒಂದಾಗಿ ತಿರುಗುತ್ತವೆ. ಪೆಡಲು ಒತ್ತಿದಾಗ ರಿಲೀಸ್ ಬೇರಿಂಗ್ ಎಂಬ ಭಾಗ ಮುಂದೆ ಸರಿದು, ಸ್ಪ್ರಿಂಗಿನ ಬೆರಳುಗಳನ್ನು ಒತ್ತಿ, ಪ್ರೆಷರ್ ಪ್ಲೇಟಿನ ಹಿಡಿತವನ್ನು ಸಡಿಲಿಸುತ್ತದೆ. ಆಗ ಪುಸ್ತಕ ಅಂಗೈಗಳ ನಡುವೆ ಬಿಡುವಾಗಿ ನಿಲ್ಲುತ್ತದೆ. ಆಮೇಲೆ ಪುಸ್ತಕವನ್ನು ಅವಳ ಕೈಗೆ ಕೊಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ, ಅದರ ಎರಡೂ ಬದಿಗೆ ಅಂಗೈಗಳನ್ನು ಹಗುರವಾಗಿ ಒತ್ತಿ ಗರಗರನೆ ಉಜ್ಜಿದೆ. ನಾಲ್ಕಾರು ಸಲ ಉಜ್ಜುವುದರೊಳಗೆ ರಟ್ಟು ಬೆಚ್ಚಗಾಯಿತು. "ಓ, ಹಾಫ್ ಕ್ಲಚ್ ಅಂದ್ರೆ ಇದಾ ಮಾವ?" ಎಂದಳು. ಇದೇ. ಅರ್ಧ ಒತ್ತಿದ ಪೆಡಲಿನಲ್ಲಿ ಪ್ಲೇಟು ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಉಜ್ಜುತ್ತಲೇ ಇರುತ್ತದೆ, ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಚಕ್ರಕ್ಕೆ ಹೋಗದೆ ಬಿಸಿಯಾಗಿ ಕಳೆದುಹೋಗುತ್ತದೆ. ಒಂದೇ ಮಾದರಿಯ ಗಾಡಿಯ ಪ್ಲೇಟು ಒಬ್ಬರ ಕಾಲಿನಡಿ ಲಕ್ಷ ಕಿಲೋಮೀಟರ್ ದಾಟಿ ಬಾಳುವುದೂ, ಇನ್ನೊಬ್ಬರ ಕಾಲಿನಡಿ ಅದರ ಅರ್ಧವೂ ಬಾಳದಿರುವುದೂ ಈ ಉಜ್ಜಾಟದ ಹೆಚ್ಚುಕಡಿಮೆಯಿಂದಲೇ.

ಗೇರುಗಳ ವಿಷಯ ಇಷ್ಟು. ಸಾಮಾನ್ಯ ಕಾರಿನ ಒಂದನೇ ಗೇರಿನಲ್ಲಿ ಗೇರ್‌ಬಾಕ್ಸಿನಿಂದ ಹೊರಬರುವ ದಂಡ ಒಂದು ಸುತ್ತು ತಿರುಗಲು ಎಂಜಿನ್ ಸುಮಾರು ಮೂರೂವರೆ ಸುತ್ತು ತಿರುಗುತ್ತದೆ. ಐದನೆಯದರಲ್ಲಿ ಒಂದು ಸುತ್ತಿಗಿಂತಲೂ ಕಡಿಮೆ. ಹಾಗಾಗಿ ಕೆಳಗಿನ ಗೇರಿನಲ್ಲಿ ಎಳೆಯುವ ಬಲ ಹೆಚ್ಚು, ವೇಗ ಕಡಿಮೆ. ಮೇಲಿನ ಗೇರಿನಲ್ಲಿ ಅದರ ತಿರುಗುಮುರುಗು. ಸೈಕಲ್ ತುಳಿದು ಏರು ಹತ್ತಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೂರುವುದು, ಕಾಲು ಇಡುವುದು

ಸ್ಟಾರ್ಟ್ ಮಾಡುವ ಮೊದಲು ಸೀಟು ಸರಿಪಡಿಸಿಕೊಳ್ಳಿ. ಕ್ಲಚ್ ಪೆಡಲನ್ನು ನೆಲಕ್ಕೆ ತಾಗುವವರೆಗೆ ಒತ್ತಿದಾಗಲೂ ಎಡಮೊಣಕಾಲು ತುಸು ಮಡಚಿಯೇ ಇರಬೇಕು. ಕಾಲು ಪೂರ್ತಿ ಚಾಚಿಕೊಂಡರೆ ಸೀಟು ಹಿಂದಾಗಿದೆ ಎಂದು ತಿಳಿಯಿರಿ. ಆಗ ಪೆಡಲು ಕೊನೆಯವರೆಗೆ ಹೋಗದೆ ಗೇರು ಬೀಳುವಾಗ ಗರ್ ಎನ್ನುತ್ತದೆ. ಪೆಡಲನ್ನು ಪಾದದ ಮುಂಭಾಗದಿಂದ, ಅಂದರೆ ಹೆಬ್ಬೆರಳ ಬುಡದ ಉಬ್ಬಿನಿಂದ ಒತ್ತಬೇಕು, ಪಾದದ ನಡುವಿನಿಂದ ಅಲ್ಲ. ಎತ್ತರದ ಹಿಮ್ಮಡಿಯ ಚಪ್ಪಲಿಯೂ, ಹಿಂಬದಿ ಪಟ್ಟಿಯಿಲ್ಲದ ಹವಾಯಿ ಚಪ್ಪಲಿಯೂ ಬೇಡ. ತೆಳು ಅಡಿಯ ಶೂ ಒಳ್ಳೆಯದು, ಏಕೆಂದರೆ ಕಲಿಯುವ ದಿನಗಳಲ್ಲಿ ಕಾಲಿಗೆ ತಿಳಿಯುವ ಸಣ್ಣ ನಡುಕವೇ ಗುರು.

ಕ್ಲಚ್ಚಿನ ಎಡಕ್ಕೆ ಪಾದ ಊರಲು ಒಂದು ಜಾಗವಿರುತ್ತದೆ. ಗೇರು ಬದಲಿಸುವ ಕೆಲಸವಿಲ್ಲದಾಗ ಎಡಗಾಲು ಅಲ್ಲಿಯೇ ಇರಬೇಕು. ಪೆಡಲಿನ ಮೇಲೆ ಕಾಲನ್ನು ಸುಮ್ಮನೆ ಇಟ್ಟುಕೊಂಡು ಓಡಿಸುವವರು ತಾವು ಒತ್ತುತ್ತಿಲ್ಲವೆಂದೇ ನಂಬಿರುತ್ತಾರೆ, ಆದರೆ ಕಾಲಿನ ಭಾರವೊಂದೇ ರಿಲೀಸ್ ಬೇರಿಂಗನ್ನು ಸ್ಪ್ರಿಂಗಿಗೆ ಒತ್ತಿ ಹಿಡಿಯಲು ಸಾಕು. ದಿನಗಟ್ಟಲೆ ಹೀಗೆ ನಡೆದರೆ ಬೇರಿಂಗೂ ಪ್ಲೇಟೂ ಒಟ್ಟಿಗೆ ಸವೆಯುತ್ತವೆ. ಎಡಗೈಗೂ ಇದೇ ಮಾತು: ಗೇರು ಹಾಕಿದ ಮೇಲೆ ಕೈಯನ್ನು ಸ್ಟೀರಿಂಗಿಗೆ ವಾಪಸು ತರಬೇಕು. ಗೇರ್ ಲಿವರಿನ ಮೇಲೆ ಕೈ ಊರಿಕೊಂಡಿದ್ದರೆ ಆ ಭಾರ ಗೇರ್‌ಬಾಕ್ಸಿನ ಒಳಗೆ ಗೇರು ಸರಿಸುವ ಫೋರ್ಕ್ ಎಂಬ ಕವಲಿನ ಮೂಲಕ ತಿರುಗುತ್ತಿರುವ ಭಾಗಗಳ ಮೇಲೆ ಬೀಳುತ್ತದೆ.

ಆಕ್ಸಿಲರೇಟರ್ ಮುಟ್ಟದೆ ಮಾಡುವ ಮೊದಲ ಅಭ್ಯಾಸ

ಕಲಿಯುವವರನ್ನು ಮೊದಲ ದಿನವೇ ರಸ್ತೆಗೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಜನರಿಲ್ಲದ, ಸಮತಟ್ಟಾದ ಮೈದಾನವೊಂದನ್ನು ಹುಡುಕಿಕೊಳ್ಳಿ. ಬೆಳಿಗ್ಗೆ ಆರರ ಸುಮಾರಿಗೆ ಅಂಥ ಜಾಗ ನಮ್ಮ ಕಡೆ ಇನ್ನೂ ಸಿಗುತ್ತದೆ. ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಮುಂದೆಯೂ ಹಿಂದೆಯೂ ಎಲ್ ಫಲಕ ಇರಬೇಕು.

ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ, ಕ್ಲಚ್ಚನ್ನು ನೆಲದವರೆಗೆ ಒತ್ತಿ, ಒಂದನೇ ಗೇರು ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ನಂತರ ಬ್ರೇಕಿನಿಂದ ಕಾಲು ತೆಗೆಯಿರಿ. ಬಲಗಾಲು ಬ್ರೇಕಿನ ಮುಂದೆಯೇ ಸಿದ್ಧವಾಗಿರಲಿ, ಆಕ್ಸಿಲರೇಟರಿಗೆ ಹೋಗುವುದು ಬೇಡ. ಈಗ ಕ್ಲಚ್ಚನ್ನು ಬಹಳ ನಿಧಾನವಾಗಿ, ಒಂದು ಕಾಗದದಷ್ಟು ಒಂದು ಕಾಗದದಷ್ಟು ಎಂಬಂತೆ ಮೇಲಕ್ಕೆ ಬಿಡುತ್ತ ಬನ್ನಿ. ಸ್ವಲ್ಪ ದೂರದವರೆಗೆ ಏನೂ ಆಗುವುದಿಲ್ಲ. ಒಂದು ಕಡೆ ಎಂಜಿನ್ನಿನ ದನಿ ಇಳಿದು ದಪ್ಪಗಾಗುತ್ತದೆ, ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು ತೋರಿಸುವ ಮುಳ್ಳು ತುಸು ಕೆಳಗೆ ಬೀಳುತ್ತದೆ, ಅಂಗಾಲಿಗೆ ಸಣ್ಣ ನಡುಕ ತಿಳಿಯುತ್ತದೆ, ಗಾಡಿ ಮುಂದಕ್ಕೆ ಹೋಗಲು ಮೈ ಬಿಗಿಹಿಡಿಯುತ್ತದೆ. ಕ್ಲಚ್ ಹಿಡಿಯುವ ಜಾಗ ಇದೇ. ಅಲ್ಲಿ ಕಾಲನ್ನು ಕ್ಷಣ ಹೊತ್ತು ಕದಲಿಸದೆ ನಿಲ್ಲಿಸಿ. ಗಾಡಿ ತಾನಾಗಿಯೇ ಉರುಳತೊಡಗುತ್ತದೆ. ಎರಡು ಮೂರು ಅಡಿ ಉರುಳಿದ ಮೇಲೆ ಉಳಿದ ಕ್ಲಚ್ಚನ್ನೂ ನಿಧಾನವಾಗಿ ಬಿಟ್ಟುಬಿಡಿ. ಸಮತಟ್ಟು ನೆಲದಲ್ಲಿ ಈಗಿನ ಬಹುಪಾಲು ಕಾರುಗಳು ಆಕ್ಸಿಲರೇಟರ್ ಇಲ್ಲದೆಯೇ ನಡೆಯುವ ವೇಗದಲ್ಲಿ ಮುಂದೆ ಸಾಗುತ್ತವೆ. ಡೀಸೆಲ್ ಗಾಡಿಯಲ್ಲಿ ಇದು ಇನ್ನೂ ಸಲೀಸು.

ಕ್ಲಚ್ ಮತ್ತು ಬ್ರೇಕ್ ಒತ್ತಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಮಾಡಿ. ಇಪ್ಪತ್ತು ಸಲ ಹೀಗೆ ಹೊರಟು ನಿಲ್ಲಿಸುವುದರಲ್ಲಿ ಬೇಸರವಾದರೂ ಬಿಡಬೇಡಿ. ಐದಾರು ಸಲಕ್ಕೊಮ್ಮೆ ಎರಡು ನಿಮಿಷ ಬಿಡುವು ಕೊಡಿ, ಕ್ಲಚ್ಚಿಗೂ ಕಾಲಿಗೂ. ನಮ್ಮ ಹುಡುಗಿಗೆ ಏಳನೆಯ ಸಲದವರೆಗೂ ಗಾಡಿ ಜಗ್ಗಿ ಜಗ್ಗಿ ಆಫ್ ಆಗುತ್ತಲೇ ಇತ್ತು. "ಕಾಲು ನಡುಗ್ತಿದೆ ಮಾವ" ಎಂದಾಗ, ಕಣ್ಣು ಮುಳ್ಳಿನ ಮೇಲಿಡದೆ ದನಿ ಕೇಳು ಎಂದೆ. ಕಿಟಕಿ ಇಳಿಸಿ ಕೇಳಿಸಿಕೊಂಡಳು. ಎಂಟನೆಯ ಸಲ ದನಿ ಇಳಿದ ಕೂಡಲೇ ಕಾಲು ತಾನಾಗಿ ನಿಂತಿತು, ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಹಿಡಿಯುವ ಜಾಗ ಗಾಡಿಯಿಂದ ಗಾಡಿಗೆ ಬೇರೆಯಾಗಿರುತ್ತದೆ. ಬೇರೆಯವರ ಕಾರು ಹತ್ತಿದಾಗ ಅನುಭವಸ್ಥರೂ ಒಂದೆರಡು ಸಲ ಇದನ್ನು ನೋಡಿಕೊಂಡೇ ಹೊರಡುವುದು ಒಳ್ಳೆಯದು.

ಇದು ಕಾಲಿಗೆ ಹತ್ತಿದ ಮೇಲೆ ಆಕ್ಸಿಲರೇಟರ್ ಸೇರಿಸಿ. ಹೊರಡುವ ಮುನ್ನ 1,200ರಿಂದ 1,500 ಆರ್‌ಪಿಎಂವರೆಗೆ ಹಗುರವಾಗಿ ಒತ್ತಿ ಹಿಡಿದು, ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತಂದು, ಒಂದೆರಡು ಸೆಕೆಂಡಿನಲ್ಲಿ ಅದನ್ನು ದಾಟಿ ಪೂರ್ತಿ ಬಿಟ್ಟು, ಎಡಗಾಲನ್ನು ಪಕ್ಕಕ್ಕೆ ಊರಿ. ಗಾಡಿ ಜಗ್ಗಿದರೆ ಕ್ಲಚ್ ಬೇಗ ಬಿಟ್ಟಿದ್ದೀರಿ ಅಥವಾ ಆಕ್ಸಿಲರೇಟರ್ ಸಾಲದು; ಎಂಜಿನ್ ಕಿರುಚಿದರೆ ಆಕ್ಸಿಲರೇಟರ್ ಹೆಚ್ಚಾಗಿದೆ.

ಗೇರು ಏರಿಸುವುದು

ಗೇರು ಬದಲಿಸುವಾಗ ಕ್ರಮ ಹೀಗಿರಬೇಕು: ಆಕ್ಸಿಲರೇಟರಿನಿಂದ ಕಾಲು ತೆಗೆಯುವುದೂ ಕ್ಲಚ್ಚನ್ನು ನೆಲಕ್ಕೆ ಒತ್ತುವುದೂ ಒಟ್ಟಿಗೆ, ನಂತರ ಲಿವರನ್ನು ಯಾವ ಗೇರೂ ಹಿಡಿಯದ ನಡುಜಾಗಕ್ಕೆ, ಅಂದರೆ ನ್ಯೂಟ್ರಲ್‌ಗೆ ತಂದು, ಅರೆಕ್ಷಣ ತಡೆದು, ಮುಂದಿನ ಗೇರಿಗೆ ಒಯ್ಯುವುದು, ಆಮೇಲೆ ಕ್ಲಚ್ ಬಿಡುತ್ತ ಆಕ್ಸಿಲರೇಟರ್ ಕೊಡುವುದು. ಒತ್ತುವಾಗ ಚುರುಕು, ಬಿಡುವಾಗ ನಯ. ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆಯಲು ಹೇಳುವುದಕ್ಕೆ ಕಾರಣವಿದೆ. ಗೇರ್‌ಬಾಕ್ಸಿನೊಳಗೆ ಸಿಂಕ್ರೊನೈಸರ್ ಎಂಬ ಹಿತ್ತಾಳೆ ಬಣ್ಣದ ಉಂಗುರಗಳಿದ್ದು, ಬೇರೆ ಬೇರೆ ವೇಗದಲ್ಲಿ ತಿರುಗುವ ಭಾಗಗಳನ್ನು ಉಜ್ಜಿ ಒಂದೇ ವೇಗಕ್ಕೆ ತಂದ ಮೇಲೆಯೇ ಹಲ್ಲುಗಳು ಕೂಡಿಕೊಳ್ಳುತ್ತವೆ. ಲಿವರನ್ನು ಬಲವಂತವಾಗಿ ತಳ್ಳಿದರೆ ಆ ಕೆಲಸಕ್ಕೆ ಸಮಯ ಸಿಗದೆ ಉಂಗುರಗಳು ಸವೆಯುತ್ತವೆ. ಮುಷ್ಟಿಯಲ್ಲಿ ಬಿಗಿ ಹಿಡಿಯದೆ ಅಂಗೈಯಿಂದ ತಳ್ಳುವುದನ್ನೂ ಬೆರಳುಗಳಿಂದ ಎಳೆಯುವುದನ್ನೂ ರೂಢಿ ಮಾಡಿಕೊಳ್ಳಿ. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ನೇರ ಮುಂದಕ್ಕೆ ಬಿಟ್ಟರೆ ಸಾಕು, ನಡುವಿನ ಸ್ಪ್ರಿಂಗು ಅದನ್ನು ಮೂರರ ಸಾಲಿಗೆ ತಾನೇ ತರುತ್ತದೆ. ಬಲಕ್ಕೆ ಎಳೆದರೆ ಐದಕ್ಕೆ ಹೋಗಿ ಗಾಡಿ ಸೋಲುತ್ತದೆ.

ಯಾವ ವೇಗಕ್ಕೆ ಯಾವ ಗೇರು ಎಂಬ ಪ್ರಶ್ನೆ ಎಲ್ಲರದೂ. ಸಮತಟ್ಟು ರಸ್ತೆಯಲ್ಲಿ, ಹಗುರ ಹೊರೆಯಲ್ಲಿ, ಗಾಡಿ ಹೊರಟು ಹತ್ತು ಹದಿನೈದು ಕಿಲೋಮೀಟರ್ ವೇಗ ಹಿಡಿಯುತ್ತಲೇ ಎರಡನೆಯದು, 25ರಿಂದ 30ಕ್ಕೆ ಮೂರನೆಯದು, 40ರಿಂದ 45ಕ್ಕೆ ನಾಲ್ಕನೆಯದು, 60ರ ಹತ್ತಿರ ಐದನೆಯದು ಎಂದು ಹಿಡಿದರೆ ಸಾಮಾನ್ಯ ಕಾರಿಗೆ ಹೊಂದುತ್ತದೆ. ಆದರೆ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡುವುದಕ್ಕಿಂತ ಎಂಜಿನ್ನಿನ ದನಿ ಕಲಿಯುವುದು ಮೇಲು. ಸಾಧಾರಣ ಓಟಕ್ಕೆ ಪೆಟ್ರೋಲ್ ಎಂಜಿನ್ನಾದರೆ 2,000ರಿಂದ 2,500, ಡೀಸೆಲ್ ಆದರೆ 1,800ರಿಂದ 2,000 ಆರ್‌ಪಿಎಂ ಸುಮಾರಿಗೆ ಗೇರು ಏರಿಸಬಹುದು; ಏರು ಹತ್ತುವಾಗಲೂ ಹೊರೆ ಇದ್ದಾಗಲೂ ಅದಕ್ಕಿಂತ ತಡವಾಗಿ. ಪೆಟ್ರೋಲ್ ಉಳಿಸಲೆಂದು 30ರ ವೇಗದಲ್ಲೇ ಐದನೇ ಗೇರಿಗೆ ಹೋಗುವವರಿದ್ದಾರೆ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಂದೆ ಹೋಗದೆ ಡಬಡಬನೆ ಅದುರಿದರೆ ಎಂಜಿನ್ ಕಷ್ಟಪಡುತ್ತಿದೆ ಎಂದರ್ಥ; ಅಲ್ಲಿ ಇಂಧನ ಉಳಿಯುವುದಿಲ್ಲ, ಎಂಜಿನ್ನಿಗೆ ಪೆಟ್ಟು ಬೀಳುತ್ತದೆ.

ಗೇರು ಇಳಿಸುವುದು

ಹೊಸಬರು ಏರಿಸಲು ಬೇಗ ಕಲಿಯುತ್ತಾರೆ, ಇಳಿಸಲು ಹೆದರುತ್ತಾರೆ. ರಾಷ್ಟ್ರೀಯ ಹೆದ್ದಾರಿ 44ರಿಂದ ಸರ್ವೀಸ್ ರಸ್ತೆಗೆ ಇಳಿದು ಊರೊಳಗೆ ತಿರುಗುವ ಸಂದರ್ಭ ನೋಡಿ. ಎಂಬತ್ತರಲ್ಲಿ ಬರುತ್ತಿದ್ದೀರಿ, ಮುಂದೆ ತಿರುವು ಇದೆ. ಮೊದಲು ಬ್ರೇಕಿನಿಂದ ವೇಗ ಇಳಿಸಬೇಕು, ಕ್ಲಚ್ ಮುಟ್ಟಬಾರದು. ವೇಗ 30ರ ಹತ್ತಿರ ಬಂದಾಗ ಕ್ಲಚ್ ಒತ್ತಿ ನೇರವಾಗಿ ಮೂರಕ್ಕೋ, ಇನ್ನೂ ಇಳಿದಿದ್ದರೆ ಎರಡಕ್ಕೋ ಹಾಕಿ, ತಿರುವಿಗೆ ಮೊದಲೇ ಕ್ಲಚ್ ಪೂರ್ತಿ ಬಿಟ್ಟಿರಬೇಕು. ಐದರಿಂದ ಒಂದೊಂದೇ ಮೆಟ್ಟಿಲು ಇಳಿಯಬೇಕೆಂಬ ಕಟ್ಟುಪಾಡೇನೂ ಇಲ್ಲ. ವೇಗಕ್ಕೆ ತಕ್ಕ ಗೇರಿಗೆ ನೇರ ಬರಬಹುದು. ಕ್ಲಚ್ ಒತ್ತಿಕೊಂಡೇ ತಿರುವಿನೊಳಗೆ ತೇಲಿಹೋದರೆ ಎಂಜಿನ್ನಿನ ಹಿಡಿತ ತಪ್ಪಿ, ಗಾಡಿ ಚಾಲಕನ ಮಾತು ಕೇಳುವುದು ಕಡಿಮೆಯಾಗುತ್ತದೆ.

ಇಳಿಸುವಾಗ ಗಾಡಿ ಜಗ್ಗುವುದು ಏಕೆಂದರೆ, ಅದೇ ವೇಗದಲ್ಲಿ ಕೆಳಗಿನ ಗೇರಿಗೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ತುಸು ಮುಟ್ಟಿ ಆರ್‌ಪಿಎಂ ಏರಿಸಿಕೊಂಡರೆ ಜಗ್ಗಾಟ ಇರುವುದಿಲ್ಲ, ಪ್ಲೇಟಿನ ಸವೆತವೂ ಇಲ್ಲ. ಇದು ಬರಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ವೇಗವನ್ನು ಚೆನ್ನಾಗಿ ಇಳಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಸಿಂಕ್ರೊನೈಸರ್ ಇಲ್ಲದ ಹಳೆಯ ಲಾರಿಗಳಲ್ಲಿ ಚಾಲಕರು ಒಂದೊಂದು ಗೇರಿಗೂ ಎರಡೆರಡು ಸಲ ಕ್ಲಚ್ ತುಳಿದು, ನಡುವೆ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು ಇಳಿಸುತ್ತಿದ್ದುದು ಇದೇ ಲೆಕ್ಕದಿಂದ.

ರಿವರ್ಸ್ ಗೇರಿಗೆ ಸಾಮಾನ್ಯವಾಗಿ ಸಿಂಕ್ರೊನೈಸರ್ ಇರುವುದಿಲ್ಲ. ಗಾಡಿ ಪೂರ್ತಿ ನಿಂತ ಮೇಲೆ, ಕ್ಲಚ್ ಒತ್ತಿ ಎರಡು ಸೆಕೆಂಡ್ ಕಾದು ಹಾಕಿ. ಬೀಳದಿದ್ದರೆ ಗುದ್ದಬೇಡಿ, ನ್ಯೂಟ್ರಲ್‌ಗೆ ತಂದು ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿ ಹಾಕಿದರೆ ಬೀಳುತ್ತದೆ.

ನಿಲ್ಲಿಸುವಾಗಲೂ ಹೊಸಬರು ಮೊದಲು ಕ್ಲಚ್ ತುಳಿಯುತ್ತಾರೆ. ಮೊದಲು ಬ್ರೇಕ್, ಗಾಡಿ ಆಫ್ ಆಗುವ ಹಂತಕ್ಕೆ ಬಂದಾಗ ಮಾತ್ರ ಕ್ಲಚ್. ಹಠಾತ್ತನೆ ಯಾರಾದರೂ ಅಡ್ಡ ಬಂದರೆ ಈ ಲೆಕ್ಕ ಬೇಡ, ಬ್ರೇಕನ್ನು ಗಟ್ಟಿಯಾಗಿ ಒತ್ತಿ. ಎಂಜಿನ್ ಆಫ್ ಆದರೂ ಚಿಂತೆಯಿಲ್ಲ.

ಬಿ.ಬಿ. ರಸ್ತೆಯ ದಟ್ಟಣೆಯಲ್ಲಿ

ಸಂಜೆ ಹೊತ್ತು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಬಸ್ಸು, ಆಟೊ, ಹೂವಿನ ಮೂಟೆ ಹೊತ್ತ ಟೆಂಪೊ ಎಲ್ಲವೂ ಮೊಳ ಮೊಳ ಸರಿಯುತ್ತಿರುವಾಗ ಎಡಗಾಲು ಸೋತುಹೋಗುತ್ತದೆ. ಮುಂದಿನ ಗಾಡಿ ಮೂರಡಿ ಸರಿದ ಕೂಡಲೇ ನೀವೂ ಮೂರಡಿ ಸರಿಯಬೇಕಾಗಿಲ್ಲ. ಎರಡು ಕಾರಿನಷ್ಟು ಜಾಗ ತೆರೆದುಕೊಳ್ಳಲು ಬಿಟ್ಟು, ಒಮ್ಮೆ ಹೊರಟು, ಕ್ಲಚ್ ಪೂರ್ತಿ ಬಿಟ್ಟು ಒಂದನೇ ಗೇರಿನಲ್ಲಿ ತಾನಾಗಿ ಸಾಗಲು ಬಿಡಿ. ಹತ್ತು ಸಲದ ಕ್ಲಚ್ ಕೆಲಸ ಮೂರು ಸಲಕ್ಕೆ ಇಳಿಯುತ್ತದೆ. ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಕಾದರೆ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟುಬಿಡಿ. ಗೇರಿನಲ್ಲಿಟ್ಟು ಕ್ಲಚ್ ಪೂರ್ತಿ ಒತ್ತಿ ಕಾಯುವುದರಿಂದ ಪ್ಲೇಟು ಸವೆಯದಿದ್ದರೂ ರಿಲೀಸ್ ಬೇರಿಂಗಿಗೆ ಬಿಡುವಿಲ್ಲ. ರೋಡ್ ಹಂಪ್‌ಗಳಲ್ಲಿ ಬ್ರೇಕಿನಿಂದ ವೇಗ ಇಳಿಸಿ ಎರಡನೇ ಗೇರಿಗೆ ಬಂದು ದಾಟಿ. ಗಾಡಿ ಬಹುತೇಕ ನಿಂತೇಹೋದರೆ ಒಂದಕ್ಕೆ ಬನ್ನಿ. ಎರಡನೇ ಗೇರಿನಲ್ಲೇ ಹಾಫ್ ಕ್ಲಚ್ ಕೊಟ್ಟು ಎಳೆಸುವ ಚಾಳಿ ನಮ್ಮ ಕಡೆ ಬಹಳ ಮಂದಿಗೆ ಇದೆ, ಅದನ್ನು ಬಿಡಬೇಕು.

ಏರಿನಲ್ಲಿ ನಿಂತು ಹೊರಡುವುದು

ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮದಲ್ಲಿ ಚಾಲನಾ ಪರೀಕ್ಷೆಗೆ ಏನೇನು ಬರಬೇಕೆಂದು ಹೇಳುವಾಗ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದನ್ನೂ ಸೇರಿಸಲಾಗಿದೆ. ಅಲ್ಲಿ ಹೆಸರಿಸಿರುವುದು ಹ್ಯಾಂಡ್‌ಬ್ರೇಕ್, ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕನ್ನು. ಏರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ಕೆಲಸ ಬ್ರೇಕಿನದು, ಕ್ಲಚ್ಚಿನದಲ್ಲ.

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 900 ಮೀಟರ್ ಎತ್ತರದಲ್ಲಿ. ಈ ಅಂತರವನ್ನು ಕೊನೆಯ ಕೆಲವು ಕಿಲೋಮೀಟರುಗಳ ಸುರುಳಿ ರಸ್ತೆಯಲ್ಲಿ ಹತ್ತಬೇಕು. ಮೊದಲ ಸಲ ಹೋಗುವವರು ವಾರದ ನಡುವೆ, ಜನ ಕಡಿಮೆಯಿದ್ದಾಗ ಹೋಗಿ.

ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ನ್ಯೂಟ್ರಲ್‌ಗೆ ತಂದು, ಎರಡೂ ಕಾಲುಗಳಿಗೆ ಬಿಡುವು ಕೊಡಿ. ಮುಂದಿನ ಗಾಡಿಯ ಹಿಂಚಕ್ರಗಳು ರಸ್ತೆಗೆ ತಾಗುವ ಜಾಗ ಕಾಣಿಸುವಷ್ಟು ಅಂತರ ಬಿಟ್ಟಿರಿ. ಅವರು ಜಾರಿದರೂ ನಿಮಗೆ ತಾಗುವುದಿಲ್ಲ. ಹೊರಡುವ ಹೊತ್ತಿಗೆ ಕ್ಲಚ್ ಒತ್ತಿ ಒಂದನೇ ಗೇರು ಹಾಕಿ. ಆಕ್ಸಿಲರೇಟರನ್ನು ಸಮತಟ್ಟಿಗಿಂತ ಹೆಚ್ಚಾಗಿ, 1,800ರ ಸುಮಾರಿಗೆ ಒತ್ತಿ ಸ್ಥಿರವಾಗಿ ಹಿಡಿಯಿರಿ. ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಕೊಂಡು ಅದನ್ನು ಎಳೆದೇ ಇಟ್ಟುಕೊಂಡಿರಿ. ಈಗ ಕ್ಲಚ್ಚನ್ನು ಹಿಡಿಯುವ ಜಾಗದವರೆಗೆ ಬಿಡಿ: ಎಂಜಿನ್ನಿನ ದನಿ ಇಳಿಯುತ್ತದೆ, ಗಾಡಿಯ ಮೂತಿ ತುಸು ಮೇಲೇಳುತ್ತದೆ ಅಥವಾ ಹಿಂಭಾಗ ಕುಳಿತಂತಾಗುತ್ತದೆ. ಆ ಗುರುತು ಸಿಕ್ಕ ಮೇಲೆಯೇ ಹ್ಯಾಂಡ್‌ಬ್ರೇಕ್ ಇಳಿಸಿ. ಗಾಡಿ ಮುಂದಕ್ಕೆ ಹೊರಟ ಕೂಡಲೇ ಆಕ್ಸಿಲರೇಟರ್ ಕೊಡುತ್ತ ಕ್ಲಚ್ಚನ್ನು ಪೂರ್ತಿ ಬಿಡಿ. ಗುರುತು ಸಿಗುವ ಮೊದಲೇ ಹ್ಯಾಂಡ್‌ಬ್ರೇಕ್ ಇಳಿಸಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಆಗ ಗಾಬರಿಯಿಂದ ಕ್ಲಚ್ ಬಿಡಬೇಡಿ; ಕಾಲಿನ ಬ್ರೇಕ್ ಒತ್ತಿ ನಿಲ್ಲಿಸಿ ಮೊದಲಿನಿಂದ ಆರಂಭಿಸಿ. ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ.

ಏರು ಕಡಿಮೆಯಿದ್ದರೆ ಹ್ಯಾಂಡ್‌ಬ್ರೇಕ್ ಇಲ್ಲದೆಯೂ ಹೊರಡಬಹುದು: ಕಾಲಿನ ಬ್ರೇಕ್ ಒತ್ತಿಕೊಂಡೇ ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತಂದು, ಬಲಗಾಲನ್ನು ಚಕ್ಕನೆ ಆಕ್ಸಿಲರೇಟರಿಗೆ ಒಯ್ಯುವುದು. ಹೊಸ ಕಾರುಗಳಲ್ಲಿರುವ ಹಿಲ್ ಹೋಲ್ಡ್ ಸೌಲಭ್ಯ ಬ್ರೇಕಿನಿಂದ ಕಾಲು ತೆಗೆದ ಮೇಲೂ ಸುಮಾರು ಎರಡು ಸೆಕೆಂಡ್ ಗಾಡಿಯನ್ನು ಹಿಡಿದಿಡುತ್ತದೆ. ಅದು ಒಳ್ಳೆಯ ಸಹಾಯ, ಆದರೆ ಅದಿಲ್ಲದ ಗಾಡಿಯೂ ಕೈಗೆ ಬರಬಹುದಾದ್ದರಿಂದ ಹ್ಯಾಂಡ್‌ಬ್ರೇಕಿನ ಕ್ರಮವನ್ನೇ ಮೊದಲು ಕಲಿಯಿರಿ.

ಹತ್ತುವಾಗ ತಿರುವಿಗೆ ಮೊದಲೇ ಗೇರು ಇಳಿಸಿಕೊಂಡಿರಬೇಕು. ಹೇರ್‌ಪಿನ್ ತಿರುವಿನ ನಡುವೆ ಎಂಜಿನ್ ಸೋತು, ಆಗ ಗೇರು ಹುಡುಕಲು ಹೋದರೆ ಗಾಡಿ ನಿಂತೇಬಿಡುತ್ತದೆ. ಹೆಚ್ಚಿನ ತಿರುವುಗಳಿಗೆ ಎರಡನೆಯದು ಸಾಕು; ಗಾಡಿ ತುಂಬ ಜನರಿದ್ದು ತಿರುವಿನ ಒಳಬದಿಯಲ್ಲಿ ಹೋಗಬೇಕಾದರೆ ಒಂದನೆಯದು. ಇಕ್ಕಟ್ಟಿನ ಜಾಗದಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕೆಂಬ ನಿಯಮ ಇರುವುದೂ ಏರಿನಲ್ಲಿ ನಿಂತು ಹೊರಡುವ ಈ ಕಷ್ಟದಿಂದಾಗಿಯೇ.

ಇಳಿಯುವಾಗ

ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬುದು ಲಾರಿ ಚಾಲಕರ ಹಳೆಯ ಮಾತು, ಇಂದಿಗೂ ಅಷ್ಟೇ ನಿಜ. ಎರಡನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ; ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ಬಿಟ್ಟರೆ ಸಾಕು. ನ್ಯೂಟ್ರಲ್‌ನಲ್ಲಿ ಇಳಿದರೆ ಎಲ್ಲ ಭಾರವೂ ಬ್ರೇಕಿನ ಮೇಲೆ ಬಿದ್ದು, ಅದು ಕಾಯ್ದು, ಕೊನೆಗೆ ಒತ್ತಿದರೂ ಹಿಡಿಯದ ಸ್ಥಿತಿಗೆ ಬರುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವವರ ಮಟ್ಟಿಗೆ ಬ್ರೇಕಿನ ಸಹಾಯಶಕ್ತಿಯೂ ಪವರ್ ಸ್ಟೀರಿಂಗೂ ಕೈಕೊಡುತ್ತವೆ. ನ್ಯೂಟ್ರಲ್‌ನಿಂದ ಇಂಧನ ಉಳಿಯುತ್ತದೆಂಬ ನಂಬಿಕೆಯೂ ಈಗಿನ ಗಾಡಿಗಳಿಗೆ ಹೊಂದುವುದಿಲ್ಲ: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಷನ್ ಎಂಜಿನ್ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಆಫ್ ಆಗದಿರಲು ಕುಡಿಯುತ್ತಲೇ ಇರುತ್ತದೆ.

ತಲಾ 15 ಕಿಲೋದ ಎಪ್ಪತ್ತು ಬಾಕ್ಸ್ ಟೊಮೆಟೊ ಹೇರಿಕೊಂಡು ಚಿಂತಾಮಣಿ, ಕೋಲಾರದ ಮಾರುಕಟ್ಟೆಗೆ ಹೊರಟ ಪಿಕಪ್ ಗಾಡಿಯ ಮೇಲೆ ಒಂದು ಟನ್ನಿಗೂ ಹೆಚ್ಚು ಭಾರವಿರುತ್ತದೆ. ಅಂಥ ಗಾಡಿ ಓಡಿಸುವ ತಮ್ಮಂದಿರಿಗೆ ಹೊರಡುವಾಗ ಒಂದನೇ ಗೇರು, ಇಳಿಜಾರಿಗೆ ಮೊದಲೇ ಕೆಳಗಿನ ಗೇರು ಎಂಬ ಎರಡು ಮಾತು ಸಾಕು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನಲ್ಲಿ ಇಳಿಜಾರಿನಲ್ಲಿ ಕ್ಲಚ್ ತುಳಿಯಲೇಬಾರದು. ತುಳಿದ ಕ್ಷಣ ಎಂಜಿನ್ನಿನ ತಡೆ ಹೋಗಿ ಟ್ರೇಲರ್ ಹಿಂದಿನಿಂದ ತಳ್ಳುತ್ತದೆ. ರಸ್ತೆಗೆ ಬರುವ ಮುನ್ನ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲುಗಳನ್ನೂ ಕೊಂಡಿ ಹಾಕಿ ಒಂದು ಮಾಡಿರಿ.

ಬೈಕಿನ ಕ್ಲಚ್ ಬೇರೆ ಬಗೆಯದು. ಅದರಲ್ಲಿ ಹಲವು ಪ್ಲೇಟುಗಳು ಎಂಜಿನ್ ಆಯಿಲಿನಲ್ಲಿ ಮುಳುಗಿರುತ್ತವೆ, ಹಾಗಾಗಿ ದಟ್ಟಣೆಯಲ್ಲಿ ಸ್ವಲ್ಪ ಹೊತ್ತಿನ ಹಾಫ್ ಕ್ಲಚ್ಚನ್ನು ಅವು ತಾಳಿಕೊಳ್ಳುತ್ತವೆ. ಓಡುವಾಗಲೆಲ್ಲ ಎರಡು ಬೆರಳಿನಿಂದ ಲಿವರ್ ಎಳೆದುಕೊಂಡಿರುವುದು ಮಾತ್ರ ಅಲ್ಲಿಯೂ ಬೇಡ, ಮತ್ತು ಕಾರಿನ ಎಂಜಿನ್ ಆಯಿಲನ್ನು ಬೈಕಿಗೆ ಹಾಕಬೇಡಿ. ಅದರಲ್ಲಿರುವ ಜಾರಿಕೆಯ ಅಂಶಗಳಿಂದ ಪ್ಲೇಟು ಜಾರತೊಡಗಬಹುದು.

ಕ್ಲಚ್ ಹೋಗಿದೆಯೇ ಎಂದು ತಿಳಿಯುವುದು

ಆಕ್ಸಿಲರೇಟರ್ ಒತ್ತಿದಾಗ ದನಿ ಮಾತ್ರ ಏರಿ ವೇಗ ಏರದಿದ್ದರೆ, ಅದರಲ್ಲೂ ಏರಿನಲ್ಲಿ ಮೇಲಿನ ಗೇರಿನಲ್ಲಿ ಹಾಗಾದರೆ, ಪ್ಲೇಟು ಜಾರುತ್ತಿದೆ. ಮೈದಾನದಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ, ಮೂರನೇ ಗೇರು ಹಾಕಿ ಕ್ಲಚ್ಚನ್ನು ಬಿಟ್ಟು ನೋಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಫ್ ಆಗದೆ ತಿರುಗುತ್ತಲೇ ಇದ್ದರೆ ಪ್ಲೇಟು ಮುಗಿದಿದೆ. ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಮಾಡಿ. ಇದಕ್ಕೆ ವಿರುದ್ಧವಾಗಿ, ಪೆಡಲು ಪೂರ್ತಿ ಒತ್ತಿದರೂ ಗೇರು ಗರ್ ಎಂದು ಬೀಳುತ್ತಿದ್ದರೆ, ರಿವರ್ಸ್ ಸಿಗದೇ ಇದ್ದರೆ, ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಹೈಡ್ರಾಲಿಕ್ ಆಗಿದ್ದರೆ ಆಯಿಲ್ ಸೋರಿರಬಹುದು ಅಥವಾ ಗಾಳಿ ಹೊಕ್ಕಿರಬಹುದು. ಪ್ಲೇಟು ಬಿಚ್ಚಿಸುವ ಮೊದಲು ಇವನ್ನು ನೋಡಲು ಮೆಕ್ಯಾನಿಕ್‌ಗೆ ಹೇಳಿ. ಪೆಡಲು ಒತ್ತಿದಾಗ ಮಾತ್ರ ಕೊರೆಯುವ ಸದ್ದು ಬಂದರೆ ರಿಲೀಸ್ ಬೇರಿಂಗ್ ಇರಬಹುದು. ನ್ಯೂಟ್ರಲ್‌ನಲ್ಲಿ ಬರುವ ಸದ್ದು ಪೆಡಲು ಒತ್ತಿದಾಗ ನಿಂತರೆ, ನೋಟ ಗೇರ್‌ಬಾಕ್ಸಿನ ಬೇರಿಂಗಿನ ಕಡೆ ಹೋಗಬೇಕು.

ಪ್ಲೇಟು ಬದಲಿಸಲೇಬೇಕಾದಾಗ ಪ್ರೆಷರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸಿ ಹತ್ತಿಸುವ ಕೂಲಿಯನ್ನು ಎರಡೆರಡು ಸಲ ಕೊಡುವುದು ಬೇಡ. ಫ್ಲೈವೀಲಿನ ಮುಖದ ಮೇಲೆ ಸುಟ್ಟ ನೀಲಿ ಕಲೆಗಳಿವೆಯೇ, ಗೀರುಗಳಿವೆಯೇ ಎಂದು ಮುಂದೆ ನಿಂತು ನೋಡಿ, ಇದ್ದರೆ ಸರಿಪಡಿಸದೆ ಹೊಸ ಪ್ಲೇಟು ಕೂರಿಸಲು ಒಪ್ಪಬೇಡಿ. ತೆಗೆದ ಹಳೆಯ ಪ್ಲೇಟನ್ನು ಕೈಗೆ ಕೊಡಲು ಹೇಳಿ. ರಿವೆಟ್ಟಿನ ತಲೆಗಳು ಮೇಲ್ಮೈಗೆ ಬಂದಿದ್ದರೆ ಅದು ನಿಜವಾಗಿಯೂ ಮುಗಿದಿತ್ತು. ಹೊಸದು ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಹೊರೆಯನ್ನೂ ಕಡಿದಾದ ಏರನ್ನೂ ತಪ್ಪಿಸಿ, ನಯವಾಗಿ ಓಡಿಸಿ. ಹಿಡಿಯುವ ಜಾಗ ಹಿಂದಿನದಕ್ಕಿಂತ ಕೆಳಗೆ ಬಂದಿರುವ ಸಾಧ್ಯತೆ ಇರುವುದರಿಂದ ಮೈದಾನಕ್ಕೆ ಹೋಗಿ ಆಕ್ಸಿಲರೇಟರ್ ಮುಟ್ಟದೆ ಹೊರಡುವ ಆ ಮೊದಲ ಅಭ್ಯಾಸವನ್ನು ಇನ್ನೊಂದು ನಾಲ್ಕಾರು ಸಲ ಮಾಡಿಕೊಂಡು ಬನ್ನಿ.